ನಾಲ್ಕು ಪಾಯಿಂಟ್ ಎರಡು ಐದು

ದುರ್ಗಿಗುಡಿಯಲ್ಲಿ ಮೂರನೇ ಮಹಡಿ. ಕೆಳಗೆ ಕನ್ನಡಕದ ಅಂಗಡಿ.
ಹಾಲಿನ ಸೊಸೈಟಿಗಳ ಲೆಕ್ಕ ಇಡುವ ಸಾಫ್ಟ್‌ವೇರು ನಮ್ಮದು.
ಐದು ಜನ, ಒಂದು ಯುಪಿಎಸ್ಸು,
ಅದೂ ಆಗಾಗ ಕುಂಯ್ ಅನ್ನುತ್ತದೆ.

ಮೊದಲ ಸಲ ತಪ್ಪು ಸಿಕ್ಕಾಗ
ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಹಾಕಿದ್ದೆ:
'ಯಾರು ಬರೆದದ್ದು ಇದನ್ನ?'
ಯಾರೆಂದು ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.
ನೀಲಿ ಗೀಟು ಬಿದ್ದವು, ಉತ್ತರ ಬೀಳಲಿಲ್ಲ.
ಮೂರು ದಿನ ತೀರ್ಥೇಶ
ಮಂಡಕ್ಕಿ ಪೊಟ್ಟಣ ನನ್ನ ಕಡೆ ಸರಿಸಲಿಲ್ಲ.
ತಪ್ಪು ಇನ್ನೂ ಒಂಬತ್ತು ದಿನ ಹಾಗೇ ಇತ್ತು.
ನಾನು ಗೆದ್ದಿದ್ದೆ.

ಈ ಸಲ ಹೊಳೆಕೊಪ್ಪದಿಂದ ಫೋನು.
ಕಾಳಮ್ಮನ ಹಾಲಿಗೆ ಯಂತ್ರ ತೋರಿಸಿದ ಫ್ಯಾಟು
ನಾಲ್ಕು ಪಾಯಿಂಟ್ ಎರಡು ಐದು,
ಚೀಟಿಯಲ್ಲಿ ಬರೀ ನಾಲ್ಕು ಪಾಯಿಂಟ್ ಎರಡು.
'ಚೀಟಿಯೊಳಗೂ ಕರು ಬಿಟ್ರೇನಪ್ಪಾ?' ಅಂದಳು.

ಗುಂಪು ತೆರೆದೆ. ಬೆರಳು ತುರಿಸುತ್ತಿತ್ತು.
ಮುಚ್ಚಿದೆ.
ಶಮೀಮ್ ಮೇಡಂ ಒಮ್ಮೆ ಅಂದಿದ್ದರು:
'ಕೆಟ್ಟಿದೆ ಅಂತ ಎಲ್ಲರೂ ಹೇಳ್ತಾರೆ.
ಎಲ್ಲಿ, ಎಷ್ಟು ಹೊತ್ತಿಗೆ, ಏನು ಒತ್ತಿದಾಗ
ಅದನ್ನ ಹೇಳೋರು ಬೇಕು ನನಗೆ.'

ಕುರ್ಚಿ ಎಳಕೊಂಡು ಕೂತೆ,
ಅವನ ಎದುರಲ್ಲ, ಪಕ್ಕ.
ಮಂಗಳವಾರ. ಸಂಜೆಯ ಹಾಲು. ಹದಿನೇಳನೇ ನಂಬರಿನ ಸದಸ್ಯೆ.
'ನನಗೆ ಇಷ್ಟು ಕಂಡಿದೆ ಮಾರಾಯ, ಮುಂದೆ ತಿಳೀತಿಲ್ಲ. ನೋಡ್ತೀಯಾ?'
ಹೆಗಲು ಸೆಟೆಯಿತು ಅವನದು.
ಸ್ವಲ್ಪ ಹೊತ್ತಿಗೆ
ಬೆರಳು ಸಾಲಿಂದ ಸಾಲಿಗೆ ಇಳಿಯತೊಡಗಿತು.

ಕತ್ತರಿಸಿದ್ದು ಅವನ ಸಾಲೇ, ಹೌದು.
ಆದರೆ ಪರೀಕ್ಷೆಗೆಂದು ನಾನು ಕೊಟ್ಟ ಮುನ್ನೂರು ಅಂಕಿಗಳಲ್ಲಿ
ಒಂದಕ್ಕೂ
ದಶಾಂಶದ ಎರಡನೇ ಮನೆ ಇರಲಿಲ್ಲ.
ಬೆಳಗಿನಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತೊಂದು
ಅಲ್ಲೇ ತಣ್ಣಗಾಯಿತು. ಕೆಳಗೆ ಭದ್ರಾವತಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

'ಎಷ್ಟು ದಿನದಿಂದ?' ಅಂದ.
ಎಣಿಸಿದೆವು. ಹೊಳೆಕೊಪ್ಪ ಒಂದೇ ಅಲ್ಲ,
ನಲವತ್ತೊಂದು ಸೊಸೈಟಿ, ಯುಗಾದಿಯಿಂದೀಚೆಗೆ.
ಕರೆಂಟು ಹೋಯಿತು. ಯುಪಿಎಸ್ಸು ಕುಂಯ್ ಅಂದಿತು.
'ಮೇಡಂಗೆ ಗುಂಪಿನಲ್ಲಿ ಹಾಕೋದಾ?' ಕೇಳಿದೆ.

ತೀರ್ಥೇಶ ಮಾತಾಡಲಿಲ್ಲ.
ಎದ್ದು,
ತನ್ನ ಕುರ್ಚಿ ಎತ್ತಿಕೊಂಡ.