ಕೋಳಿ ಕಳೆದ ಹಲಗಿ

ನಮ್ಮ ಅಂಗನವಾಡಿಯ ಕಟ್ಟಿಗಿ ಹಲಗಿಯೊಳಗ
ಆರು ಕುಣಿ: ಆನಿ, ಚಂದ್ರ, ಮೀನ, ಮಾವಿನಕಾಯಿ,
ಬಸ್ಸು, ಕೋಳಿ.
ಕೋಳಿ ಕಳೆದು ಏಳು ವರ್ಷ ಆತು.
ಗಟಾರದಾಗ ಹೋತೋ, ಯಾರದರೆ ಒಲಿಗೆ ಹೋತೋ.
ಕುಣಿ ಮಾತ್ರ ಉಳದೈತಿ: ಜುಟ್ಟು, ಕೊಕ್ಕು, ಒಂದೂವರಿ ಕಾಲು.
ಇಲ್ಲದ ಕೋಳಿಯ ಖರೇ ಅಳತಿ.

ಬೆಟಗೇರಿಯ ಈ ಓಣ್ಯಾಗ ಮುಂಜಾನೆ ಎಂಟಕ್ಕ
ಮಗ್ಗ ಸುರು ಆಗತಾವ. ಖಟ್ ಖಟಾ ಖಟ್.
ಅದ ತಾಳದೊಳಗ ನನ್ನ ಕೂಸುಗಳು
ತುಣುಕು ಎತ್ತತಾವ, ಇಡತಾವ, ಬಡೀತಾವ.

ಒಂದೂವರಿ ವರ್ಷದವಕ್ಕ ಕುಣಿ ಲೆಕ್ಕಕ್ಕಿಲ್ಲ,
ಮೀನ ಮೊದಲ ಬಾಯಾಗ ಹೋಗತೈತಿ.
ಎರಡು ತುಂಬಿದವರು ಬಲ ಹಾಕತಾರ,
ಚಂದ್ರನ್ನ ಬಸ್ಸಿನ್ಯಾಗ ತುರಕತಾರ,
ಹೋಗಲಿಲ್ಲಂದ್ರ ಮುಷ್ಟಿಲೆ ಗುದ್ದಿ
ನನ್ನ ಮಾರಿ ನೋಡತಾರ,
ತಪ್ಪು ಚಂದ್ರಂದೋ ನಂದೋ ಅನ್ನೂವಂಗ.
ಆಮ್ಯಾಲ ಒಂದಿನ, ಯಾರೂ ಹೇಳಿರಂಗಿಲ್ಲ,
ಮಣಿಕಟ್ಟು ಒಂಚೂರು ಹೊಳ್ಳತೈತಿ.
ಆನಿ ಸೊಂಡಿಲ ಸಮೇತ ಒಳಗ. ಟಕ್.
ಆ ಸಪ್ಪಳಕ್ಕ ಕೂಸು ಉಸರ ಬಿಡತೈತಿ ನೋಡ್ರಿ,
ಹತ್ತೊಂಬತ್ತು ವರ್ಷ ಆತು, ನಾನೂ ಬಿಡತೀನಿ ಅದರ ಕೂಡ.

ಕೋಳಿ ಕುಣಿ ಮುಂದ ಮಾತ್ರ ಒಬ್ಬೊಬ್ಬರದೂ ಬ್ಯಾರೆ.
ಮುಕ್ತುಮಸಾಬ ಹೆಬ್ಬೆರಳಿಟ್ಟು ತುಂಬಿಸಿದ,
ಊಟದ ಹೊತ್ತಾದ್ರೂ ತಗೀಲಿಲ್ಲ.
ಪ್ರಣತಿ ಅವ್ವನ ಮಗ್ಗದ ಕಂಡಿಕಿ ತಂದು
ಅಡ್ಡ ಇಟ್ಟು "ಮಕ್ಕೊಂಡೈತಿ" ಅಂದಳು.
ಬಸಲಿಂಗ ಒಬ್ಬ, ತಲಿ ಬಗ್ಗಿಸಿ
ಕುಣಿಯೊಳಗ "ಬಾ ಬಾ ಬಾ" ಅಂತ ಕರದ.

ರಾಚವ್ವ ಮಾತಾಡಂಗಿಲ್ಲ. ಎರಡೂವರಿ ದಾಟಿತ್ತು.
ಅಕಿ ಅವ್ವ ತುಂಗವ್ವ ದಿನಾ ಬಾಗಲ್ದಾಗ ನಿಂತು ಕೇಳೂದು ಒಂದ:
"ಟೀಚರ್, ಇವತ್ತರೆ ಏನರೆ ಅಂದಳೇನ್ರಿ?"
ಬಜಿ ತೇಯ್ದು ನೆಕ್ಕಿಸಿದ್ದಾತು.
ಗುಡಿ ಗಂಟಿ ತೊಳದ ನೀರು ಕುಡಿಸಿದ್ದಾತು.
ನನ್ನ ಫಾರ್ಮಿನ್ಯಾಗ ಎರಡ ಚೌಕ: ಹೌದು, ಇಲ್ಲ.
ಪದ ಜೋಡಿಸುತ್ತಾಳೆಯೇ? ಆಕಾರ ಹೊಂದಿಸುತ್ತಾಳೆಯೇ?
ರಾಚವ್ವ ಐದೂ ತುಣುಕು ಬೋರಲು ಹಾಕಿ
ಗ್ವಾಡಿ ಕಡೆ ಮಾರಿ ಮಾಡಿ ಕೂಡತಿದ್ದಳು.

ಮಂಗಳವಾರ. ಪೆನ್ನು ಕೈಯಾಗ ಐತಿ.
ಹೊಸ್ತಲಾ ದಾಟಿ ಬಂತು ಹುಸೇನಬಿಯ ಕೆಂಪು ಹ್ಯಾಟಿ,
ನೆಲದ ಮ್ಯಾಲಿನ ಅನ್ನದ ಅಗಳು ಆರಸ್ಕೋತ.
ರಾಚವ್ವ ಎದ್ದಳು.
ಹಲಗಿ ಅಕಿಗಿಂತ ಅಗಲ. ಎಳದಳು,
ಫರಸಿ ಕೆರಕೋತ, ಗರ್ ಅಂತ,
ಹ್ಯಾಟಿ ಮುಂದ ತಂದಿಟ್ಟಳು.
ಕುಣಿ ಮ್ಯಾಲ ಬೆರಳು. ಹ್ಯಾಟಿ ಕಡೆ ಬೆರಳು.
ಮತ್ತ ಕುಣಿ. ಮತ್ತ ಹ್ಯಾಟಿ.
ಆಮ್ಯಾಲ ನನ್ನ ನೋಡಿದಳು,
ಇಷ್ಟು ವರ್ಷ ಎಲ್ಲಿ ಹುಡಿಕಿದಿ ಅನ್ನೂವಂಗ.

ಹ್ಯಾಟಿ ಚಂದ್ರನ್ನ ಒಮ್ಮೆ ಕುಕ್ಕಿ ಹೊರಗ ಹೋತು.

ತುಂಗವ್ವಗ ಹೆಂಗ ಹೇಳೂದು?
ಮಾತು ಬಂದಿರಲಿಲ್ಲ ಖರೆ,
ಮಾತು ಬಂದು ಕೂಡೂ ಕುಣಿ
ಅಕಿಯೊಳಗ ಯಾವಾಗೋ ಕೊರದು ಮುಗದಿತ್ತು.
ಸಂಜಿಕ ಹೋಗಿ ಹೇಳಿದೆ, ಇದ್ದಷ್ಟು, ಹ್ಯಾಟಿ ಸಮೇತ.
ಕಂಡಿಕಿ ಸುತ್ತೂದು ನಿಲ್ಲಿಸಿ ಕೇಳಿದಳು:
"ಹಂಗಂದ್ರ ನನಗ ಅವ್ವಾ ಅಂತಾಳೇನ್ರಿ?"
ಗೊತ್ತಿಲ್ಲವ್ವಾ ಅಂದೆ.
ಅಕಿ ನಕ್ಕಳು. ಯಾಕಂತ ಅದೂ ಗೊತ್ತಾಗಲಿಲ್ಲ.

ಫಾರ್ಮಿನ್ಯಾಗ ಹೌದಿಗೂ ಇಲ್ಲಕ್ಕೂ ನಡುವಿನ ಬಿಳಿ ಜಾಗಾದಾಗ
ಪೆನ್ನಿನ ಒಂದು ಚುಕ್ಕಿ ಐತಿ.
ಅಷ್ಟ ಬರಿಯಾಕ ಆತು.

ಈಗ ಆಫೀಸಿನಿಂದ ಹೊಸ ಹಲಗಿ ಬಂದೈತಿ,
ಪ್ಲಾಸ್ಟಿಕ್ಕಿಂದು, ಎಂಟೂ ತುಣುಕು ಪೂರಾ.
ಮೂರ ದಿನದಾಗ ಎಲ್ಲಾ ಕೂಡಿಸಿ
ಹುಡುಗರು ಬ್ಯಾಸರ ಮಾಡ್ಕೊಂಡಾರ.
ಹಳೇದನ್ನ ಗುಜರಿಗೆ ಹಾಕ್ರಿ ಅಂದ್ರು ಮೇಡಮ್ಮರು.
ಹೂನ್ರಿ ಅಂದೆ,
ಗೋಧಿ ಚೀಲದ ಹಿಂದ ಇಟ್ಟೀನಿ.
ದಿನಾ ಹತ್ತು ಹೊಡಿಯೂದರಾಗ
ಚೀಲ ಸಣ್ಣಗ ಅಲಗತೈತಿ.