ಕೊನೇ ಟ್ರಿಪ್ಪು

ಸಂಜೆ ಆರೂವರೆಗೆ ನಮ್ಮ ಹಿತ್ತಲಲ್ಲಿ ಕೊನೇ ಟ್ರಿಪ್ಪು.
"ಒಳಗೆ ನಡೀರಿ, ಒಳಗೆ ನಡೀರಿ, ಮುಂದೆ ಜಾಗ ಇದೆ!"
ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು,
ರಿಟೈರಾದರೂ ಸುಮ್ಮನಿರದು.
ಹುಂಜ ಮೆಜೆಸ್ಟಿಕ್ಕು ಮೊದಲು ಹತ್ತುತ್ತಾನೆ,
ಸೀಟು ಅವನಪ್ಪನದು ಎಂಬಂತೆ.
ಆಮೇಲೆ ಬನಶಂಕರಿ, ಸಾರಕ್ಕಿ, ಯಲಚೇನಹಳ್ಳಿ, ಕೋಣನಕುಂಟೆ,
ಕಡೆಗೆ ಕುಂಟುತ್ತ ತಲಘಟ್ಟಪುರ.
ಕೋಳಿಗೆ ಹೆಸರಿಡಬೇಡ, ಅನ್ನುತ್ತಾಳೆ ಎದುರುಮನೆ ರೆಜಿನಾ,
ಹೆಸರಿಟ್ಟದ್ದು ಸಾರಿಗೆ ಬರುವುದಿಲ್ಲವಂತೆ.
ಬರದಿದ್ದರೆ ಬೇಡ. ನನಗೆ ಮೊಟ್ಟೆ ಸಾಕು.
ಕನಕಪುರ ರೋಡಿನ ಸ್ಟಾಪು ಬಿಟ್ಟು
ಬೇರೆ ಹೆಸರು ನನ್ನ ಬಾಯಿಗೆ ಬರುವುದೂ ಇಲ್ಲ.

ಅಂಜನಾಪುರದ ಈ ಸಾಲಿಗೆ ನಮ್ಮದೇ ಕೊನೇ ಮನೆ.
ಹಿಂದೆ ಲಂಟಾನ ತುಂಬಿದ, ಕೋರ್ಟಿನಲ್ಲಿರುವ ಸೈಟು,
ಅದರಾಚೆ ರಾಜಕಾಲುವೆ,
ಅದರಾಚೆ ಏನೇನಿದೆಯೋ.
ಹಗಲು ಹದ್ದಿನ ಕಾಟ.
ಗಾಳದ ದಾರ ಅಡ್ಡಡ್ಡ ಬಿಗಿದು
ಮಗಳ ಮದುವೆಯ ಸೀಡಿ ತೂಗುಹಾಕಿದ್ದೇನೆ.
ಹಾಕಿ ನೋಡುವ ಯಂತ್ರ ಯಾರ ಮನೆಯಲ್ಲೂ ಉಳಿದಿಲ್ಲ,
ಬಿಸಿಲಿಗೆ ಥಳಥಳ ತಿರುಗುತ್ತದೆ ಮುಹೂರ್ತ,
ಹದ್ದು ಸುತ್ತಿ, ಸುತ್ತಿ, ಹೋಗುತ್ತದೆ.
ಮೆಜೆಸ್ಟಿಕ್ಕಿಗೆ ಎರಡು ಕೂಗು:
ಆಕಾಶದಿಂದ ಬಂದರೆ ಉದ್ದ, ನೆಲದಿಂದ ಬಂದರೆ ತುಂಡುತುಂಡು.
ನಮ್ಮ ಡ್ರೈವರ್ ಪುಟ್ಟಮಾದಯ್ಯನ ಹಾರನ್ನಿನ ಹಾಗೆ,
ಕೇಳಿದರೆ ಸಾಕು, ಎದುರಿಗೆ ಲಾರಿಯೋ ಹಸುವೋ ಗೊತ್ತಾಗುತ್ತಿತ್ತು.

ಆದರೆ ರಾತ್ರಿ ಕೋಳಿಗೆ ಕಣ್ಣಿಲ್ಲ.
ಆಷಾಢದ ಗಾಳಿಗೆ ಕರೆಂಟು ಹೋದ ರಾತ್ರಿ ಅದು.
ಬೆಳಿಗ್ಗೆ ಎಣಿಸಿದರೆ ಒಂದು ಟಿಕೆಟ್ಟು ಕಮ್ಮಿ.
ಮೂಲೆಯಲ್ಲಿ ಮುಷ್ಟಿಯಷ್ಟು ತೂತು,
ನಾಲ್ಕು ಕಂದು ಗರಿ.
ರಕ್ತ ಇರಲಿಲ್ಲ. ಇದ್ದಿದ್ದರೆ ಯಾರನ್ನಾದರೂ ಬೈಯಬಹುದಿತ್ತು.

ವೆಲ್ಡಿಂಗ್ ಅಂಗಡಿಯ ಗೌಸ್ ಬಂದು ಬಗ್ಗಿ ನೋಡಿದ:
"ಅಕ್ಕಾ, ಇದು ಕೋಳಿ ಒಳಗಿರಲಿ ಅಂತ ಹೆಣೆದ ಜಾಲರಿ.
ಬೇರೆಯವರು ಹೊರಗಿರಲಿ ಅಂತ ಅಲ್ಲ."
ಅರ್ಧ ಇಂಚಿನ ಕಣ್ಣಿನ ದಪ್ಪ ತಂತಿ ತಂದ,
ಒಂದಡಿ ನೆಲದೊಳಗೆ ಹೂತು ಕಡಪಾ ಚೂರು ಜೋಡಿಸಿದ,
ಚಿಲಕ ಎರಡು: ಒಂದನ್ನು ಎತ್ತಬೇಕು, ಆಗಲೇ ಇನ್ನೊಂದನ್ನು ಎಳೆಯಬೇಕು.
ನಾಲ್ಕು ಸಾವಿರದ ಇನ್ನೂರು.
ಮೊಟ್ಟೆಯ ಲೆಕ್ಕದಲ್ಲಿ ಅದು ಹುಟ್ಟುವುದು
ನನ್ನ ಮುಂದಿನ ಜನ್ಮಕ್ಕೆ.

ಮೊನ್ನೆ ಅಮಾವಾಸ್ಯೆ, ತುಂಡುತುಂಡು ಕೂಗು.
ಟಾರ್ಚು ಹಿಡಿದು ಹೋದೆ.
ಹೊಸ ಅಕ್ಕಿ ಬೇಯುವಂಥ ವಾಸನೆ ಮೊದಲು,
ಆಮೇಲೆ ತಂತಿಗೆ ಒತ್ತಿದ ಒದ್ದೆ ಮೂಗು,
ಪುನುಗು ಬೆಕ್ಕು.
ಕಾಂಪೌಂಡಿನ ಮೇಲೆ ಅದರ ಎರಡು ಮರಿ,
ಬೆಳಕಿಗೆ ನಾಲ್ಕು ಕಣ್ಣು.
ಅದು ಓಡಲಿಲ್ಲ. ಗುರ್ ಅನ್ನಲೂ ಇಲ್ಲ.
ಬಾಗಿಲನ್ನು ಅಳೆಯುತ್ತ ನಿಂತಿತ್ತು.

ಹಾಗೇ ನಿಂತಿದ್ದಳು ಒಬ್ಬಳು,
ಎಷ್ಟೋ ವರ್ಷದ ಹಿಂದೆ, ರಾತ್ರಿ ಒಂಬತ್ತೂ ನಲವತ್ತರ ಗಾಡಿಯಲ್ಲಿ,
ಎರಡು ಮಕ್ಕಳು, ಮೂರು ರೂಪಾಯಿ ಕಮ್ಮಿ.
ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರಿದ್ದಾರೆಂದು ಸುದ್ದಿ.
ಸೀಟಿ ಊದಿದೆ. ಇಳಿಸಿದೆ.
ಬೇಡಲಿಲ್ಲ ಅವಳು, ಮೆಟ್ಟಿಲನ್ನೇ ನೋಡಿದಳು,
ಗಾಡಿ ಹೊರಟ ಮೇಲೂ.
ಮೂರು ರೂಪಾಯಿ ನನ್ನ ಬ್ಯಾಗಿನಲ್ಲೇ ಇತ್ತು.

ಬಾಗಿಲು ತೆಗೆಯಲಿಲ್ಲ. ತೆಗೆಯುವುದೂ ಇಲ್ಲ.
ಒಳಗಿರುವ ಐದು ಜೀವ ನನ್ನ ಕೈಯಿಂದ ಟಿಕೆಟ್ಟು ಪಡೆದವು.
ಎರಡೂ ಚಿಲಕ ಇನ್ನೊಮ್ಮೆ ಅಲುಗಾಡಿಸಿ ನೋಡಿ ಬಂದು ಮಲಗಿದೆ.

ಗೋಡೆ ಪಕ್ಕದ ಪರಂಗಿ ಮರದ ತುದಿಯಲ್ಲಿ
ಹಣ್ಣು ಹಳದಿಯಾಗಿ ವಾರವಾಯಿತು.
ಕೀಳಬಾರದೇ, ಅಂತ ರೆಜಿನಾ ಕೇಳಿದಳು.
ಏಣಿಯ ಮೆಟ್ಟಿಲು ಮುರಿದಿದೆ, ಅಂದೆ.
ಏಣಿ ಗಟ್ಟಿಯಾಗಿಯೇ ಇದೆ.

ಆರೂವರೆ. ಮೆಜೆಸ್ಟಿಕ್, ಬನಶಂಕರಿ...
ನಾಲಿಗೆ ತಾನಾಗಿ ಅಲ್ಲೊಂದು ಕ್ಷಣ ಹೋಲ್ಡಾನ್ ಅನ್ನುತ್ತದೆ.
ಯಾರೂ ಹತ್ತುವುದಿಲ್ಲ.
ರೈಟ್, ರೈಟ್.