ಡೀಸೆಲ್ ಕಿಂಡಿ

ಮಾಂಟೆವಿಡಿಯೋದ ರಕ್ಷಣಾ ಇಲಾಖೆಯ ಹಿಂಬದಿಗೆ
ಮೊಣಕೈ ಎತ್ತರಕ್ಕೊಂದು ಕಿಂಡಿ.
ಒಳಗೆ ನೆಲಿದಾ ಬೆಂತಾಂಕುರ್, ಗುಮಾಸ್ತೆ,
ಮೂಗಿನ ತುದಿಗೆ ಕನ್ನಡಕ, ಮೇಜಿನ ಮೇಲೊಂದು ಠಸ್ಸೆ.
ಹೆಗಲ ಮೇಲೆ ಎಷ್ಟು ನಕ್ಷತ್ರ ಇದ್ದರೂ
ಆ ಕಿಂಡಿಗೆ ಬಗ್ಗಲೇಬೇಕು.
ಅದನ್ನು ಮಾಡಿದ ಬಡಗಿ ಕುಳ್ಳನಿದ್ದನೋ
ಮಹಾ ಜಾಣನಿದ್ದನೋ, ಗೊತ್ತಿಲ್ಲ.

ನಾನಾಗ ಬಿಸಿನೀರಿನ ಹುಡುಗ.
ಯೆರ್ಬಾ ಸೊಪ್ಪಿನ ಸೋರೆಬುರುಡೆಗಳಿಗೆ ನೀರು ಹೊಯ್ಯುತ್ತ
ಕಂಡದ್ದು ಇಷ್ಟು:
ಮಳೆಯಲ್ಲಿ ನೆನೆದು ಬಂದ ಒಬ್ಬ ಕರ್ನಲ್
ಲಾರಿಗೆ ಇನ್ನೂರು ಲೀಟರ್ ಎಂದ.
ನೆಲಿದಾ ಕಾಗದ ತಿರುವಿ ನೋಡಿ
'ಮೂರನೇ ಪ್ರತಿ?' ಎಂದಳು.
ಅವನು ಗೊಣಗಿದ. ಹೋದ. ತಂದ.
ಅದೊಂದು ಸಂಗತಿಯೆಂದೇ ಆಗ
ನಮಗ್ಯಾರಿಗೂ ಅನ್ನಿಸಿರಲಿಲ್ಲ,
ನಲ್ಲಿ ತಿರುವಿದರೆ ನೀರು ಬಂದ ಹಾಗೆ.

ಆಮೇಲೊಂದು ಜೂನ್ ಬೆಳಿಗ್ಗೆ, ಕೊರೆವ ಚಳಿ,
ರೇಡಿಯೋದಲ್ಲಿ ಬರೀ ಬ್ಯಾಂಡು.
ಸಂಸತ್ತಿಗೆ ಬೀಗ ಎಂದರು.
ಕಿಂಡಿಗೆ ಯಾರೂ ಬರಲಿಲ್ಲ.
ಬಂದದ್ದು ಒಳಬಾಗಿಲಿಂದ,
ಕ್ಯಾಪ್ಟನ್ ಉರಿಯೋಸ್ತೆ, ಇಪ್ಪತ್ತೊಂಬತ್ತು ವರ್ಷ,
ಅಚ್ಚುಕಟ್ಟು ಮೀಸೆ, ಬಹಳ ಮರ್ಯಾದಸ್ಥ.
'ಸೆನ್ಯೋರಾ, ಕ್ಷಮಿಸಿ' ಎಂದು ಹೇಳಿಯೇ
ಠಸ್ಸೆ ಎತ್ತಿ ಕಿಸೆಗಿಳಿಸಿದ.

ಹನ್ನೊಂದು ಚಿಲ್ಲರೆ ವರ್ಷ
ಅದು ಅವನ ಕಿಸೆಯಲ್ಲೇ ಓಡಾಡಿತು.
ಅವಳನ್ನು ತೆಗೆಯಲಿಲ್ಲ. ಕೂಡುವ ಲೆಕ್ಕಕ್ಕೆ ಬೇಕಿದ್ದಳು.
ತಾರೀಖು, ಗಾಡಿ ಸಂಖ್ಯೆ, ಲೀಟರು ಬರೆದಳು.
'ಎಲ್ಲಿಗೆ' ಎಂಬ ಏಳನೇ ಕಾಲಂ
ಖಾಲಿ, ಖಾಲಿ, ಖಾಲಿ.
ಗೋಡೆಯ ಮೇಲೆ ಅಧ್ಯಕ್ಷರು ಬದಲಾದರು,
ಒಬ್ಬನಿಗೆ ಟೈ, ಒಬ್ಬನಿಗೆ ಪದಕ,
ಮೊಳೆ ಮಾತ್ರ ಅದೇ.

ಒಂದು ದಿನ ನನ್ನನ್ನು ಕರೆದು ತೋರಿಸಿದಳು:
ಆಗಸ್ಟ್ ಹದಿನಾಲ್ಕು, ಗಾಡಿ ನಲವತ್ತೊಂದು,
ಸಂಜೆ ನೂರ ಎಂಬತ್ತು ಲೀಟರು ತುಂಬಿಸಿಕೊಂಡದ್ದು
ಬೆಳಗಾಗುವಾಗ ನೂರ ಎಪ್ಪತ್ತಾರು ಉಳಿಸಿಕೊಂಡು ಬಂದಿದೆ.
'ದೂರ ಹೋಗಿಲ್ಲ ನೋಡು' ಎಂದಳು.
'ಊರೊಳಗೇ. ನಾವೆಲ್ಲ ಮಲಗಿದ್ದಲ್ಲೇ.'
ಮತ್ತೆ ಕೂಡಿಸಿದಳು, ಕೆಳಗೆ ಗೆರೆ ಎಳೆದಳು.

ಮತಪೆಟ್ಟಿಗೆ ವಾಪಸು ಬಂತು. ಬಾವುಟ, ಬೀದಿ ತುಂಬ ಜನ,
ಅಂಗಿಯ ಕಾಲರು ಸಡಿಲಿಸಿಕೊಂಡ ಹೊಸ ಮಂತ್ರಿ.
ಠಸ್ಸೆಯೂ ಬಂತು, ಒಂದು ಕಂದು ಲಕೋಟೆಯಲ್ಲಿ,
ಹಿಡಿ ಸವೆದು, ಬೇರೆಯವರ ಬೆರಳಿನ ಗುಣಿ ಬಿದ್ದು.
ನೆಲಿದಾಳ ಬೆರಳು ಅದರಲ್ಲಿ ಕೂರಲಿಲ್ಲ.

ಏಪ್ರಿಲ್‌ನಲ್ಲಿ ಕಿಂಡಿಗೊಂದು ಮೀಸೆ ಬಗ್ಗಿತು, ನರೆತದ್ದು.
ಕರ್ನಲ್ ಉರಿಯೋಸ್ತೆ. ಮರ್ಯಾದೆ ಹಾಗೇ ಇತ್ತು.
ಲಾರಿಗೆ ಇನ್ನೂರು ಲೀಟರ್.
ಕಾರಿಡಾರಿನಲ್ಲಿ ಟೈಪ್‌ರೈಟರುಗಳು ಒಂದೊಂದೇ ನಿಂತವು,
ಸದ್ದಿದ್ದದ್ದು ನನ್ನ ಕೈಯ ಕೆಟಲಿನದು ಮಾತ್ರ.
ಅವಳು ಕಾಗದ ತಿರುವಿದಳು.
ಮೂರು ಪ್ರತಿಗಳೂ ಇದ್ದವು.
ಒಂದು ಇಲ್ಲದಿದ್ದರೆ ಎಷ್ಟು ಸುಲಭವಿತ್ತು!
ಏಳನೇ ಕಾಲಮಿನ ಮೇಲೆ ಪೆನ್ಸಿಲ್ ಊರಿ
'ಎಲ್ಲಿಗೆ?' ಎಂದಳು.

ಅವನು ಅವಳನ್ನು ನೋಡಿದ.
ಅವಳು ಕಾಲಮನ್ನು ನೋಡಿದಳು.
ಬಗ್ಗಿದ ಬೆನ್ನು ಬಗ್ಗಿಯೇ ಇತ್ತು.
ಕೊನೆಗೆ ತನ್ನದೇ ಪೆನ್ನು ತೆಗೆದು
ದುಂಡಗಿನ ಅಕ್ಷರದಲ್ಲಿ ಬರೆದ: ಬ್ರೆಡ್ ತರಲು.

ಠಸ್ಸೆ ಬಿತ್ತು. ತಲೆಕೆಳಗಾಗಿ.
'ನಡೆಯುತ್ತೆ ಬಿಡಿ' ಎಂದ.
'ನಡೆಯಲ್ಲ' ಎಂದು ಇನ್ನೊಮ್ಮೆ ಒತ್ತಿದಳು, ನೆಟ್ಟಗೆ.
ಆಮೇಲೆ ನನ್ನ ಕೈಯಿಂದ ಬುರುಡೆ ಇಸಕೊಂಡವಳು
ಅರ್ಧ ನೀರು ಸೆರಗಿಲ್ಲದ ಮಡಿಲಿಗೇ ಚೆಲ್ಲಿಕೊಂಡಳು.

ಹಳೆಯ ಪುಟಗಳನ್ನು ಕೆದಕಬಾರದೆಂದು
ಮುಂದೊಂದು ಕಾನೂನು ಬಂತು, ಅದು ಬೇರೆ ಕತೆ.
ಈಗ ಆ ಕಿಂಡಿಯಲ್ಲಿ ನಾನಿದ್ದೇನೆ.
ಎತ್ತರಿಸೋಣವೇ ಎಂದು ಮೇಲಿನವರು ಕೇಳಿದ್ದಾರೆ,
ಬೆನ್ನುನೋವಿನವರಿಗೆ ತ್ರಾಸಂತೆ.
ಅರ್ಜಿ ಕೊಡಿ, ಮೂರು ಪ್ರತಿ, ಎಂದಿದ್ದೇನೆ.

ಆಗಸ್ಟಿನ ಆ ಪುಟ ಕೆಳಗಿನ ಖಾನೆಯಲ್ಲಿದೆ.
ಏಳನೇ ಕಾಲಮಿನಲ್ಲಿ, ಬಹಳ ಮೆತ್ತಗೆ,
ಪೆನ್ಸಿಲಿನಲ್ಲಿ ಅವಳು ಹಾಕಿದ ಒಂದು ಪ್ರಶ್ನೆಚಿಹ್ನೆ.
ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ.
ದಿನವೂ ಹಿಡಿಯುತ್ತೇನೆಂದು
ಸುಳ್ಳು ಹೇಳಲಾರೆ.